ಒಂದು ಅರ್ಜಿ, ಎರಡು ದಾಖಲೆ: ಜಾಲವ್ಯವಹಾರದಲ್ಲಿ ಮರುನಿರ್ದೇಶದ ಚರಿತ್ರೆ

ಕೃಷ್ಣರಾಜಪುರ ಹೋಬಳಿಯ ಒಬ್ಬ ವಿದ್ಯಾರ್ಥಿ ಆದಾಯ ಪ್ರಮಾಣಪತ್ರಕ್ಕಾಗಿ ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುತ್ತಾನೆಂದು ಇಟ್ಟುಕೊಳ್ಳೋಣ. ಫಾರಂ ತುಂಬಿ, ಸಲ್ಲಿಸುವ ಗುಂಡಿಯನ್ನು ಒತ್ತಿದ ಮೇಲೆ ಪರದೆ ಕೆಲವು ಕ್ಷಣ ಬೆಳ್ಳಗೆ ನಿಲ್ಲುತ್ತದೆ. ಅರ್ಜಿ ಹೋಯಿತೋ ಇಲ್ಲವೋ ತಿಳಿಯದು. ಅವನು ಪುಟವನ್ನು ಮತ್ತೊಮ್ಮೆ ತರಿಸಿಕೊಳ್ಳುತ್ತಾನೆ. ಯಂತ್ರವಾದರೋ ಪುಟದ ಜೊತೆಗೆ ಅರ್ಜಿಯನ್ನೂ ಮತ್ತೊಮ್ಮೆ ಕಳುಹಿಸಿಬಿಡುತ್ತದೆ. ಹೀಗೆ ಒಬ್ಬನ ಒಂದೇ ಕೋರಿಕೆ ಕಛೇರಿಯ ದಾಖಲೆಯಲ್ಲಿ ಎರಡು ಅರ್ಜಿಗಳಾಗುತ್ತದೆ. ಪ್ರಮಾಣಪತ್ರದ ವಿಷಯದಲ್ಲಿ ಇದರಿಂದ ಗುಮಾಸ್ತರ ಶ್ರಮ ಇಮ್ಮಡಿಯಾದೀತು. ಹಣ ಪಾವತಿಯ ವಿಷಯದಲ್ಲಿ, ತಿಂಗಳ ಸಂಬಳವನ್ನು ಎಣಿಸಿ ಬದುಕುವವನ ಖಾತೆಯಿಂದ ಒಂದೇ ಬಿಲ್ಲಿನ ಮೊಬಲಗು ಎರಡು ಸಲ ಹೊರಟುಹೋಗುತ್ತದೆ.

ಈ ದೋಷಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಬಹು ಪ್ರಸಿದ್ಧವಾದುದು ಮರುನಿರ್ದೇಶ, ಎಂದರೆ ರಿಡೈರೆಕ್ಟ್ ಮಾಡುವ ಪದ್ಧತಿ. ಅರ್ಜಿಯನ್ನು ಸ್ವೀಕರಿಸಿದ ಸರ್ವರು ಅದಕ್ಕೆ ನೇರವಾಗಿ ಉತ್ತರವನ್ನು ಕೊಡದೆ, ‘ಉತ್ತರ ಇಂಥ ವಿಳಾಸದಲ್ಲಿದೆ, ಅಲ್ಲಿ ಹೋಗಿ ನೋಡು’ ಎಂದು ಬ್ರೌಸರನ್ನು ಬೇರೊಂದು ಪುಟಕ್ಕೆ ಕಳುಹಿಸುತ್ತದೆ. ಆ ಪುಟವನ್ನು ಎಷ್ಟು ಬಾರಿ ತೆರೆದರೂ ಅದು ಬರಿಯ ಓದುವಿಕೆ, ಅರ್ಜಿ ಮರುಕಳಿಸುವುದಿಲ್ಲ. ಈ ಪದ್ಧತಿ ೨೦೦೪ರಲ್ಲಿ ಪ್ರಕಟವಾದ ಒಂದು ಲೇಖನದಿಂದ ಹುಟ್ಟಿತೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಅದು ಸರಿಯಲ್ಲ. ರೂಢಿ ಅದಕ್ಕಿಂತ ಹಳೆಯದು; ಅದು ಬೆಳೆದದ್ದು ಬ್ರೌಸರುಗಳು ಮಾಡುತ್ತಿದ್ದ ಒಂದು ತಪ್ಪಿನಿಂದ. ಎರಡನೆಯದಾಗಿ, ಈ ಪದ್ಧತಿಗೆ ಅದು ಮಾಡಬಲ್ಲುದಕ್ಕಿಂತ ಹೆಚ್ಚಿನ ಕೀರ್ತಿ ಸಂದಿದೆ. ಈ ಎರಡು ಮಾತುಗಳನ್ನು ಸ್ಥಾಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಾಗದದ ಕಾಲಕ್ಕೆ ಸ್ವಲ್ಪ ಹಿಂದಿರುಗುವುದು ಅವಶ್ಯಕ. ಬೆಂಗಳೂರಿನ ಹಳಬರು ದಂಡು ಎಂದು ಕರೆಯುವ ಕಂಟೋನ್ಮೆಂಟು ೧೮೦೯ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ಸೈನ್ಯದ ಬೀಡಿನಿಂದ ಬೆಳೆದದ್ದು. ಜೋಲಾರಪೇಟೆಯ ಕಡೆಯಿಂದ ಬಂದ ಮದರಾಸು ರೈಲ್ವೆಯ ಹಳಿ ೧೮೬೪ರಲ್ಲಿ ದಂಡಿನ ನಿಲ್ದಾಣವನ್ನು ಮುಟ್ಟಿತು. ಅಲ್ಲಿಂದ ಮುಂದೆ ಈ ಪ್ರದೇಶದ ಜನರಿಗೆ ಎರಡು ಸಂಸ್ಥೆಗಳ ಪರಿಚಯ ಚೆನ್ನಾಗಿ ಆಯಿತು: ಒಂದು ರೈಲು ನಿಲ್ದಾಣದ ಕಿಟಕಿ, ಇನ್ನೊಂದು ಸರ್ಕಾರಿ ಕಛೇರಿಯ ಟಪಾಲು ಮೇಜು. ಒಂದು ಕಾರ್ಯ ಒಮ್ಮೆ ಮಾತ್ರ ನಡೆಯುವಂತೆ ನೋಡಿಕೊಳ್ಳುವ ಉಪಾಯ ಎರಡು ಕಡೆಯೂ ಇದ್ದಿತು.

ಒಂಟಿಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಸಮಯಕ್ಕೆ ಒಂದೇ ಗಾಡಿ ಇರತಕ್ಕದ್ದು. ೧೮೭೪ರಲ್ಲಿ ಇಂಗ್ಲೆಂಡಿನ ಥಾರ್ಪ್ ಎಂಬಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದ ತರುವಾಯ, ಎಡ್ವರ್ಡ್ ಟೈಯರ್ ಎಂಬವನು ೧೮೭೮ರಲ್ಲಿ ವಿದ್ಯುತ್ತಿನಿಂದ ಜೋಡಿಸಿದ ಎರಡು ಪೆಟ್ಟಿಗೆಗಳ ಉಪಕರಣವನ್ನು ರಚಿಸಿದನು. ಒಂದು ನಿಲ್ದಾಣದ ಪೆಟ್ಟಿಗೆಯಿಂದ ಬಿಲ್ಲೆಯೊಂದನ್ನು ಹೊರತೆಗೆದರೆ, ಅದನ್ನು ಯಾವುದಾದರೊಂದು ಪೆಟ್ಟಿಗೆಗೆ ಮರಳಿ ಹಾಕುವವರೆಗೆ ಎರಡೂ ಪೆಟ್ಟಿಗೆಗಳಿಂದ ಮತ್ತೊಂದು ಬಿಲ್ಲೆ ಹೊರಬರದು. ಭಾರತದ ಒಂಟಿಹಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನೀಲ್ ಉಪಕರಣದ್ದೂ ಇದೇ ತತ್ತ್ವ. ಅದರಲ್ಲಿ ಬಿಲ್ಲೆಯ ಬದಲು ಲೋಹದ ಗುಂಡು. ಗುಂಡನ್ನು ಚೀಲದಲ್ಲಿಟ್ಟು, ದೊಡ್ಡ ಬಳೆಯಂಥ ಹಿಡಿಗೆ ಕಟ್ಟಿ, ಓಡುವ ಗಾಡಿಯ ಚಾಲಕನಿಗೆ ಕೊಡುತ್ತಿದ್ದ ದೃಶ್ಯವನ್ನು ನೋಡಿದವರು ಈಗಲೂ ಅನೇಕರಿದ್ದಾರೆ. ಇದಕ್ಕೆ ಟೋಕನ್ ಎಂದು ಹೆಸರು. ಈ ಹೆಸರು ಮುಂದೆ ಮತ್ತೆ ಬರುವುದು.

ಟಪಾಲು ಮೇಜಿನ ಕ್ರಮ ಬೇರೆ. ಬಂದ ಅರ್ಜಿಗೆ ಗುಮಾಸ್ತನು ಆವಕ ವಹಿಯಲ್ಲಿ ಕ್ರಮಸಂಖ್ಯೆ ಕೊಟ್ಟು, ತಾರೀಖಿನ ಮೊಹರು ಒತ್ತಿ, ಅರ್ಜಿದಾರನ ನಕಲಿನ ಮೇಲೆಯೂ ಅದನ್ನೇ ಒತ್ತಿ ಹಿಂದಿರುಗಿಸುತ್ತಾನೆ. ವಾರ ಕಳೆದು ಉತ್ತರ ಬಾರದಿದ್ದರೆ ಅರ್ಜಿದಾರನು ಮತ್ತೆ ಬರೆಯುತ್ತಾನೆ. ಆದರೆ ಅದರ ತಲೆಯಲ್ಲಿ ಹಿಂದಿನ ಸಂಖ್ಯೆಯನ್ನು ಉಲ್ಲೇಖಿಸುತ್ತಾನೆ. ಆ ಎರಡನೆಯ ಕಾಗದ ಹೊಸ ಅರ್ಜಿಯಾಗುವುದಿಲ್ಲ, ಜ್ಞಾಪನಪತ್ರವಾಗುತ್ತದೆ, ಹಳೆಯ ಕಡತಕ್ಕೇ ಸೇರುತ್ತದೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೆಂದರೆ, ಕಛೇರಿ ಮನುಷ್ಯನಿಗೆ ‘ಎರಡು ಸಲ ಬರೆಯಬೇಡ’ ಎಂದು ನಿಷೇಧ ಹಾಕಲಿಲ್ಲ. ಎರಡನೆಯದನ್ನು ಎರಡನೆಯದೆಂದು ಗುರುತಿಸುವ ಶಕ್ತಿಯನ್ನು ಪಡೆದುಕೊಂಡಿತು. ಜಾಲದ ಫಾರಂ ಬಂದಾಗ ಈ ಶಕ್ತಿ ಮೊದಲಿಗೆ ಅದರ ಜೊತೆಯಲ್ಲಿ ಬರಲಿಲ್ಲ.

ಜಾಲದ ಪುಟದಲ್ಲಿ ಫಾರಂ ತುಂಬುವ ಸೌಕರ್ಯ ೧೯೯೩ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಕೇಂದ್ರದ ಮೊಸಾಯಿಕ್ ಬ್ರೌಸರಿನೊಡನೆ ಹರಡಿತು. ಫಾರಂನಲ್ಲಿ ತುಂಬಿದುದನ್ನು ಸರ್ವರಿನ ಒಂದು ಪ್ರೋಗ್ರಾಮಿಗೆ ಒಪ್ಪಿಸುವ ಸಿಜಿಐ ಎಂಬ ಏರ್ಪಾಡೂ ಅದೇ ವರ್ಷ ಅಲ್ಲಿಯೇ ರೂಪುಗೊಂಡಿತು. ಬ್ರೌಸರಿಗೂ ಸರ್ವರಿಗೂ ನಡೆಯುವ ಮಾತುಕತೆಯ ಕಟ್ಟಳೆಗೆ ಎಚ್‌ಟಿಟಿಪಿ ಎಂದು ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಕ್ರಿಯೆಗಳುಂಟು: ‘ಗೆಟ್’ ಎಂದರೆ ಇರುವುದನ್ನು ಕೊಡು ಎಂದು ಕೇಳುವುದು, ‘ಪೋಸ್ಟ್’ ಎಂದರೆ ಏನನ್ನಾದರೂ ಒಪ್ಪಿಸಿ ಕಾರ್ಯವೊಂದನ್ನು ನಡೆಸೆನ್ನುವುದು. ಗೆಟ್ ನಿರುಪದ್ರವಿ, ಗ್ರಂಥಭಂಡಾರದಲ್ಲಿ ಒಂದು ಪುಸ್ತಕವನ್ನು ಹತ್ತು ಬಾರಿ ತೆರೆದು ನೋಡಿದಂತೆ. ಪೋಸ್ಟ್ ಹಾಗಲ್ಲ, ಅದನ್ನು ಹತ್ತು ಬಾರಿ ಮಾಡಿದರೆ ಹತ್ತು ಫಲಗಳು. ಬ್ರೌಸರಿನ ಸ್ವಭಾವವೋ, ತಾನು ಕೊನೆಯದಾಗಿ ಕಳುಹಿಸಿದ ಕೋರಿಕೆಯನ್ನು ನೆನಪಿಟ್ಟುಕೊಂಡು, ರಿಫ್ರೆಶ್ ಮಾಡಿದಾಗ ಅದನ್ನೇ ಮತ್ತೆ ಕಳುಹಿಸುವುದು. ಕೊನೆಯದು ಪೋಸ್ಟ್ ಆಗಿದ್ದರೆ ಪೋಸ್ಟೇ ಮತ್ತೆ ಹೋಗುತ್ತದೆ. ಇದೇ ರೋಗದ ಮೂಲ.

ಈಗ ಮರುನಿರ್ದೇಶದ ಕಥೆ. ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್ ಮತ್ತು ಹೆನ್ರಿಕ್ ಫ್ರಿಸ್ಟಿಕ್ ನೀಲ್ಸನ್ ಅವರು ಬರೆದ ಎಚ್‌ಟಿಟಿಪಿಯ ನಿರೂಪಣೆ ೧೯೯೬ರ ಮೇ ತಿಂಗಳಿನಲ್ಲಿ ಆರ್‌ಎಫ್‌ಸಿ ೧೯೪೫ ಎಂಬ ಅಂಕಿತದಿಂದ ಹೊರಬಂದಿತು. (೧೯೪೫ ಇಸವಿಯಲ್ಲ, ದಾಖಲೆಯ ಕ್ರಮಸಂಖ್ಯೆ.) ಅದರಲ್ಲಿ ೩೦೨ ಎಂಬ ಉತ್ತರ ಸಂಖ್ಯೆಗೆ, ಕೇಳಿದ ವಸ್ತು ತಾತ್ಕಾಲಿಕವಾಗಿ ಬೇರೆ ವಿಳಾಸಕ್ಕೆ ಹೋಗಿದೆ ಎಂದು ಅರ್ಥ. ಶಾಸ್ತ್ರದಂತೆ ನಡೆದರೆ, ಪೋಸ್ಟಿಗೆ ೩೦೨ ಎಂಬ ಉತ್ತರ ಬಂದಾಗ ಬ್ರೌಸರು ಹೊಸ ವಿಳಾಸಕ್ಕೂ ಪೋಸ್ಟನ್ನೇ, ಅದೂ ಬಳಕೆದಾರನ ಒಪ್ಪಿಗೆ ಪಡೆದು, ಕಳುಹಿಸಬೇಕು. ಆದರೆ ಕೆಲವು ಬ್ರೌಸರುಗಳು ಅದನ್ನು ತಪ್ಪಾಗಿ ಗೆಟ್ ಆಗಿ ಬದಲಾಯಿಸುತ್ತಿವೆಯೆಂದು ಅದೇ ದಾಖಲೆಯಲ್ಲಿ ಟಿಪ್ಪಣಿಯೊಂದು ಸೇರಿದೆ. ನಿಯಮವೂ ನಿಯಮಭಂಗದ ವರದಿಯೂ ಒಂದೇ ಪುಟದಲ್ಲಿ ಇರುವುದು ಚರಿತ್ರಕಾರನಿಗೆ ಅಪೂರ್ವವಾದ ಸಾಕ್ಷ್ಯ. ಈ ‘ತಪ್ಪು’ ೧೯೯೬ಕ್ಕೆ ಮುಂಚೆಯೇ ಬೇರೂರಿತ್ತೆಂದು ಅದರಿಂದ ನಿಸ್ಸಂದೇಹವಾಗಿ ತಿಳಿಯುತ್ತದೆ.

ಪ್ರೋಗ್ರಾಮು ಬರೆಯುವವರಿಗೆ ಈ ತಪ್ಪೇ ವರವಾಯಿತು. ಅರ್ಜಿಯನ್ನು ಸ್ವೀಕರಿಸಿ, ೩೦೨ ಎಂದು ಹೇಳಿ, ಸ್ವೀಕೃತಿಯ ಪುಟದ ವಿಳಾಸವನ್ನು ಕೊಟ್ಟರೆ, ಬ್ರೌಸರು ತಾನಾಗಿಯೇ ಗೆಟ್ ಮಾಡಿ ಆ ಪುಟವನ್ನು ತರುತ್ತದೆ. ಅದರ ನೆನಪಿನಲ್ಲಿ ಕೊನೆಗೆ ಉಳಿಯುವುದು ನಿರುಪದ್ರವಿಯಾದ ಗೆಟ್. ಸಿಜಿಐ ಏರ್ಪಾಡಿನಲ್ಲಿ ಇದು ಇನ್ನೂ ಸುಲಭ: ಹೊಸ ವಿಳಾಸವನ್ನು ಒಂದು ಸಾಲಿನಲ್ಲಿ ಬರೆದು ಉತ್ತರ ಸಂಖ್ಯೆಯನ್ನು ಬರೆಯದೆ ಬಿಟ್ಟರೂ ಸರ್ವರು ತಾನೇ ೩೦೨ನ್ನು ಸೇರಿಸುತ್ತಿತ್ತು.

೧೯೯೭ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿಯ ಮುಂದಿನ ಆವೃತ್ತಿ ಈ ರೂಢಿಗೆ ಶಾಸ್ತ್ರೀಯವಾದ ನೆಲೆಯನ್ನು ಒದಗಿಸಲು ೩೦೩ ಎಂಬ ಹೊಸ ಸಂಖ್ಯೆಯನ್ನು ಸೃಷ್ಟಿಸಿತು. ‘ಬೇರೆಡೆ ನೋಡು’ ಎಂಬುದು ಅದರ ಹೆಸರು. ಪೋಸ್ಟಿನ ಫಲವನ್ನು ಗೆಟ್ ಮೂಲಕ ಬೇರೊಂದು ವಿಳಾಸದಲ್ಲಿ ತೋರಿಸುವುದೇ ಅದರ ಮುಖ್ಯ ಪ್ರಯೋಜನವೆಂದು ನಿರೂಪಣೆಯಲ್ಲಿ ಸ್ಪಷ್ಟವಾಗಿದೆ. ೧೯೯೯ರ ಜೂನ್ ಆವೃತ್ತಿ ೩೦೭ನ್ನು ಸೇರಿಸಿ, ಕ್ರಿಯೆಯನ್ನು ಬದಲಾಯಿಸದೆ ಮುಂದೆ ಸಾಗಿಸುವ ಕೆಲಸವನ್ನು ಅದಕ್ಕೆ ವಹಿಸಿತು. ಇಷ್ಟಾದ ಮೇಲೆ ೩೦೨ರ ಅಪಪ್ರಯೋಗ ನಿಲ್ಲಬೇಕಾಗಿದ್ದಿತು. ನಿಲ್ಲಲಿಲ್ಲ. ಹಳೆಯ ಬ್ರೌಸರುಗಳಿಗೆ ೩೦೩ ಅರ್ಥವಾಗದೆಂಬ ಭಯ ಒಂದು ಕಾರಣ; ಜಾವಾ, ಪಿಎಚ್‌ಪಿ, ಎಎಸ್‌ಪಿ ಮೊದಲಾದ ಸಾಧನಗಳ ಸಿದ್ಧ ಆಜ್ಞೆಗಳು ೩೦೨ನ್ನೇ ಕಳುಹಿಸುತ್ತಿದ್ದುದು ಇನ್ನೊಂದು, ಬಹುಶಃ ಬಲವತ್ತರವಾದ ಕಾರಣ. ಕೊನೆಗೆ ೨೦೧೪ರ ಜೂನಿನ ಪರಿಷ್ಕರಣ, ಐತಿಹಾಸಿಕ ಕಾರಣಗಳಿಂದ ೩೦೨ ಬಂದಾಗ ಪೋಸ್ಟನ್ನು ಗೆಟ್ ಆಗಿ ಬದಲಾಯಿಸಬಹುದೆಂದು ಅನುಮತಿಸಿತು. ೨೦೨೨ರ ಜೂನಿನ ಆರ್‌ಎಫ್‌ಸಿ ೯೧೧೦ರಲ್ಲಿಯೂ ಆ ವಾಕ್ಯ ಉಳಿದಿದೆ. ಪ್ರಯೋಗಶರಣರಾದ ವೈಯಾಕರಣರು ನಮ್ಮಲ್ಲಿ ಮಾತ್ರ ಇರುವುದಲ್ಲವಷ್ಟೆ!

೨೦೦೪ರ ಲೇಖನದ ಸ್ಥಾನ ಇದರಿಂದ ನಿರ್ಣಯವಾಗುತ್ತದೆ. ಮೈಕೇಲ್ ಜೌರಾವ್ಲೆವ್ ಅವರು ಪೋಸ್ಟಿನ ನಂತರ ಮರುನಿರ್ದೇಶ ಎಂಬರ್ಥದ ಶೀರ್ಷಿಕೆಯಲ್ಲಿ ಅದನ್ನು ಬರೆದರು. ರೂಢಿಯನ್ನು ಕ್ರಮವಾಗಿ ವಿವರಿಸಿ, ಹೆಸರು ಹರಡುವಂತೆ ಮಾಡಿದ ಕೀರ್ತಿ ಅವರದು. ಪೋಸ್ಟ್-ರಿಡೈರೆಕ್ಟ್-ಗೆಟ್ ಎಂಬ ಮೂರು ಪದಗಳ ಹೆಸರು ತರುವಾಯ ಪಠ್ಯಗಳಲ್ಲಿ ನೆಲೆಯಾಯಿತು. ಆದರೆ ಉಪಾಯವನ್ನು ಸೃಷ್ಟಿಸಿದವರು ಅವರಲ್ಲ. ೩೦೩ ಎಂಬ ಸಂಖ್ಯೆ ಅದಕ್ಕಿಂತ ಏಳು ವರ್ಷ ಮೊದಲೇ ಇದ್ದಿತು.

ಇನ್ನು ಎರಡನೆಯ ಮಾತು. ಅರ್ಜಿ ಇಮ್ಮಡಿಯಾಗುವುದಕ್ಕೆ ಕಾರಣ ಒಂದೇ ಅಲ್ಲ. ಫಲದ ಪುಟವನ್ನು ಮತ್ತೆ ತೆರೆಯುವುದರಿಂದ ಆಗುವುದು ಒಂದು ಬಗೆ. ಇದನ್ನು ಮರುನಿರ್ದೇಶ ಪೂರ್ತಿಯಾಗಿ ತಡೆಯುತ್ತದೆ. ಅವಸರದಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ, ಮೊದಲನೆಯದಕ್ಕೆ ಉತ್ತರ ಬರುವ ಮೊದಲೇ ಎರಡನೆಯ ಪೋಸ್ಟ್ ಹೊರಟಿರುತ್ತದೆ; ಇಲ್ಲಿ ಮರುನಿರ್ದೇಶ ಬಂದು ಸೇರುವ ಹೊತ್ತಿಗೆ ಅನಾಹುತ ಮುಗಿದಿರುತ್ತದೆ. ಒಮ್ಮೆ ಒತ್ತಿದ ಗುಂಡಿಯನ್ನು ನಿಷ್ಕ್ರಿಯಗೊಳಿಸುವ ಉಪಾಯ ಉಂಟು, ಆದರೆ ಅದು ಬಳಕೆದಾರನ ಯಂತ್ರವನ್ನು ನಂಬಿ ಕುಳಿತದ್ದು. ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿ, ತುಂಬಿದ ಫಾರಂನ್ನು ಪುನಃ ಸಲ್ಲಿಸಿದರೂ ಹಾಗೆಯೇ. ಎಲ್ಲಕ್ಕಿಂತ ಕ್ಲಿಷ್ಟವಾದುದು ಸರ್ವರು ಕಾರ್ಯವನ್ನು ನಡೆಸಿ ಮುಗಿಸಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುವ ಪ್ರಸಂಗ. ಆಗ ಬಳಕೆದಾರನ ದೃಷ್ಟಿಯಲ್ಲಿ ಕಾರ್ಯ ನಡೆದೇ ಇಲ್ಲ. ಅವನು ಮತ್ತೆ ಪ್ರಯತ್ನಿಸುವುದು ಅಜ್ಞಾನದಿಂದಲ್ಲ, ನ್ಯಾಯವಾಗಿಯೇ.

ಇದಕ್ಕೆ ಬೇಕಾದದ್ದು ಟಪಾಲು ಮೇಜಿನ ಸಂಖ್ಯೆ, ಅಥವಾ ರೈಲಿನ ಗುಂಡು. ೨೦೦೧ರಲ್ಲಿ ಪ್ರಕಟವಾದ ‘ಕೋರ್ ಜೆ೨ಇಇ ಪ್ಯಾಟರ್ನ್ಸ್’ ಎಂಬ ಗ್ರಂಥದಲ್ಲಿ ಇದರ ವಿವರಣೆಯಿದೆ. ಖಾಲಿ ಫಾರಂ ಕೊಡುವಾಗಲೇ ಸರ್ವರು ಅದರಲ್ಲಿ ಊಹಿಸಲಾಗದ ಒಂದು ಸಂಖ್ಯೆಯನ್ನು ಅಡಗಿಸಿಟ್ಟು, ತನ್ನಲ್ಲಿಯೂ ಬರೆದುಕೊಳ್ಳುತ್ತದೆ. ತುಂಬಿದ ಫಾರಂ ಬಂದಾಗ ಸಂಖ್ಯೆಯನ್ನು ತಾಳೆ ನೋಡಿ, ಒಡನೆಯೇ ತನ್ನ ಪ್ರತಿಯನ್ನು ಅಳಿಸುತ್ತದೆ. ಅದೇ ಸಂಖ್ಯೆ ಹೊತ್ತ ಎರಡನೆಯ ಫಾರಂ ಬಂದರೆ ಹಾದಿ ಮುಚ್ಚಿರುತ್ತದೆ. ಇದಕ್ಕೂ ಟೋಕನ್ ಎಂದೇ ಹೆಸರು. ಹೆಸರಿನ ಸಾಮ್ಯದಿಂದ ವಂಶಾವಳಿಯನ್ನು ಕಲ್ಪಿಸುವುದು ನಮ್ಮ ಕೆಲಸವಲ್ಲ; ತತ್ತ್ವದ ಸಾಮ್ಯ ಮಾತ್ರ ನಿರ್ವಿವಾದ.

ಸಂಖ್ಯೆಯೇ ಏಕೆ ಬೇಕು, ಅರ್ಜಿಯ ವಿಷಯವನ್ನು ನೋಡಿಯೇ ನಕಲನ್ನು ಗುರುತಿಸಬಾರದೇ ಎಂದು ಕೇಳಬಹುದು. ಕೆಲವೆಡೆ ಸಾಧ್ಯ. ಇಂದಿರಾನಗರದ ಸಾರಿಗೆ ಕಛೇರಿ ಕೆಎ ೦೩ರ ಸರಣಿಯಲ್ಲಿಯೂ ಕೃಷ್ಣರಾಜಪುರದ್ದು ಕೆಎ ೫೩ರ ಸರಣಿಯಲ್ಲಿಯೂ ಒಂದು ಸಂಖ್ಯೆಯನ್ನು ಒಂದೇ ವಾಹನಕ್ಕೆ ಕೊಡತಕ್ಕದ್ದು. ಎರಡನೆಯದನ್ನು ದತ್ತಸಂಗ್ರಹವೇ ನಿರಾಕರಿಸಬಲ್ಲುದು. ಆದರೆ ವಿದ್ಯುತ್ ಬಿಲ್ಲಿನ ಪ್ರಸಂಗ ಬೇರೆ. ಹಲಸೂರಿನ ಒಂದು ಮನೆಯ ಆರ್.ಆರ್. ನಂಬರಿಗೆ ಒಂದೇ ದಿನ ಐನೂರು ರೂಪಾಯಿಯಂತೆ ಎರಡು ಪಾವತಿಗಳು ಬಂದರೆ, ಅವು ಒಂದೇ ಪಾವತಿಯ ನಕಲೋ, ಸಾವಿರದ ಬಾಕಿಯನ್ನು ಎರಡು ಕಂತಿನಲ್ಲಿ ತೀರಿಸಿದ್ದೋ? ಅಂಕಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ದೊರೆಯದು. ಆದುದರಿಂದ ಗುರುತು ಹಚ್ಚಬೇಕಾದದ್ದು ಹಣಕ್ಕಲ್ಲ, ಕಟ್ಟುವ ಕ್ರಿಯೆಗೆ.

ಬೆಂಗಳೂರಿನ ಪೂರ್ವಭಾಗಕ್ಕೂ ಗಣಕಕ್ಕೂ ಇರುವ ನಂಟು ಸಣ್ಣದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ೧೯೮೫ರಲ್ಲಿ ನೆಲೆಯೂರಿದ್ದು ದಂಡಿನ ನಿಲ್ದಾಣಕ್ಕೆ ಸಮೀಪದ ಮಿಲ್ಲರ್ಸ್ ರಸ್ತೆಯಲ್ಲಿ. ಆದರೆ ನಮ್ಮ ವಿಷಯಕ್ಕೆ ಪ್ರೋಗ್ರಾಮು ಬರೆದವರಿಗಿಂತ ಫಾರಂ ತುಂಬಿದವರು ಮುಖ್ಯ. ದೇಶದ ಸಾಮಾನ್ಯ ಜನಕ್ಕೆ ಅಂತರ್ಜಾಲ ೧೯೯೫ರ ಆಗಸ್ಟ್ ೧೫ರಂದು ತೆರೆಯಿತು. ರೈಲ್ವೆಯ ಜಾಲಟಿಕೆಟ್ಟು ೨೦೦೨ರ ಆಗಸ್ಟಿನಲ್ಲಿ ಬಂದಿತು. ೨೦೦೫ರ ಏಪ್ರಿಲಿನಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳಲ್ಲಿ ವಿದ್ಯುತ್ತು, ನೀರು ಮೊದಲಾದ ಬಿಲ್ಲುಗಳನ್ನು ಒಂದೇ ಕಿಟಕಿಯಲ್ಲಿ ಕಟ್ಟುವ ಅನುಕೂಲವಾಯಿತು. ಅಲ್ಲಿ ಯಂತ್ರದ ಮುಂದೆ ಕುಳಿತವನು ಅಭ್ಯಾಸವಿದ್ದ ನೌಕರ. ಪರದೆ ನಿಂತುಹೋದರೆ ಕಾಯಬೇಕೆಂಬುದು ಅವನಿಗೆ ಗೊತ್ತು. ಅವೇ ಪಾವತಿಗಳು ಮನೆಯ ಗಣಕಕ್ಕೂ ಕೈಯ ಫೋನಿಗೂ ಬಂದಾಗ, ನಾಗರಿಕನೇ ಗುಮಾಸ್ತನಾದ, ಗುಮಾಸ್ತನಿಗಿದ್ದ ತರಬೇತಿಯಿಲ್ಲದೆ.

ಹಣಪಾವತಿಯಲ್ಲಿ ಇನ್ನೊಂದು ತೊಡಕು ಭಾರತದಲ್ಲಿ ಬಹು ಬೇಗ ಎದುರಾಯಿತು. ೨೦೦೯ರ ಆಗಸ್ಟ್ ೧ರಿಂದ ಜಾಲದಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಎರಡನೆಯ ಗುರುತುಪರೀಕ್ಷೆ ಕಡ್ಡಾಯವೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಇದರ ಫಲವಾಗಿ ಬಳಕೆದಾರನು ಮಾರಾಟಗಾರನ ಪುಟದಿಂದ ತನ್ನ ಬ್ಯಾಂಕಿನ ಪುಟಕ್ಕೂ ಅಲ್ಲಿಂದ ಮರಳಿ ಮಾರಾಟಗಾರನ ಪುಟಕ್ಕೂ ಸಾಗಬೇಕಾಯಿತು. ಮೇಲುನೋಟಕ್ಕೆ ಇದೂ ಮರುನಿರ್ದೇಶವೇ. ವಾಸ್ತವದಲ್ಲಿ, ಅಂದು ಬಳಕೆಯಲ್ಲಿದ್ದ ೩-ಡಿ ಸೆಕ್ಯೂರ್ ವ್ಯವಸ್ಥೆಯಲ್ಲಿ ಬ್ಯಾಂಕಿನ ಉತ್ತರವನ್ನು ಬ್ರೌಸರು ಹೊತ್ತು ತರುತ್ತಿದ್ದುದು ತಾನಾಗಿ ಸಲ್ಲಿಕೆಯಾಗುವ ಫಾರಂ ಒಂದರ ರೂಪದಲ್ಲಿ, ಎಂದರೆ ಪೋಸ್ಟ್ ಮೂಲಕ. ಯಾವ ಅಪಾಯದಿಂದ ಪಾರಾಗಲು ೩೦೩ ಹುಟ್ಟಿತೋ ಅದೇ ಅಪಾಯ ಮೂರು ಮನೆಗಳ ನಡುವೆ ಮತ್ತೆ ತಲೆಯೆತ್ತಿತು. ‘ಈ ಪುಟವನ್ನು ರಿಫ್ರೆಶ್ ಮಾಡಬೇಡಿ, ಹಿಂದಕ್ಕೆ ಹೋಗಬೇಡಿ’ ಎಂದು ಪಾವತಿಯ ಪುಟಗಳಲ್ಲಿ, ಅನೇಕ ವೇಳೆ ಇಂಗ್ಲಿಷಿನಲ್ಲಿ ಮಾತ್ರ, ಕಾಣುವ ಎಚ್ಚರಿಕೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಟಪಾಲು ಮೇಜು ಎಂದೂ ಹಾಕದಿದ್ದ ನಿಷೇಧವನ್ನು ಗಣಕ ಹಾಕಿತು. ಯಂತ್ರ ಹೊರಬೇಕಾದ ಹೊರೆ ಮನುಷ್ಯನ ಬೆರಳಿನ ಮೇಲೆ ಬಿದ್ದಿತು.

೨೦೧೯ರ ಸೆಪ್ಟೆಂಬರ್ ೨೦ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಈ ಹೊರೆಯ ಒಂದು ಭಾಗವನ್ನು ಹಿಂದಕ್ಕೆ ತಿರುಗಿಸಿತೆನ್ನಬಹುದು. ಕಾರ್ಡಿನಿಂದ ಜಾಲದಲ್ಲಿ ಹಣ ಕೊಟ್ಟಾಗ ಖಾತೆಯಿಂದ ಹಣ ಕಳೆದು ಮಾರಾಟಗಾರನಿಗೆ ದೃಢೀಕರಣ ಮುಟ್ಟದಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು. ತಡವಾದ ಪ್ರತಿದಿನಕ್ಕೂ ನೂರು ರೂಪಾಯಿ ಪರಿಹಾರ. ಇದು ಉತ್ತರ ಕಳೆದುಹೋದ ಪ್ರಸಂಗಕ್ಕೆ ಸಂಬಂಧಿಸಿದ ನಿಯಮ. ಎರಡು ಪಾವತಿಗಳೂ ಯಶಸ್ವಿಯಾಗಿ ಮುಟ್ಟಿದ್ದರೆ ಈ ನಿಯಮ ಅದನ್ನು ಸ್ಪರ್ಶಿಸುವುದಿಲ್ಲ. ಅಲ್ಲಿ ಹೆಚ್ಚಿನ ಹಣವನ್ನು ಕೇಳಿ ಪಡೆಯುವುದೋ, ಮುಂದಿನ ಬಿಲ್ಲಿಗೆ ಹೊಂದಿಸಿಕೊಳ್ಳುವುದೋ ಆಗಬೇಕು.

ಕರ್ನಾಟಕದ ಆಡಳಿತ ಈ ಮಧ್ಯೆ ಸಂಖ್ಯೆಯ ಕಡೆಗೆ ಬೇರೊಂದು ದಾರಿಯಿಂದ ಬಂದಿತು. ೨೦೧೧ರ ಕಾಯಿದೆಯ ಆಧಾರದ ಮೇಲೆ ೨೦೧೨ರ ಏಪ್ರಿಲ್ ೨ರಂದು ರಾಜ್ಯಾದ್ಯಂತ ಜಾರಿಗೆ ಬಂದ ಸಕಾಲ ಯೋಜನೆಯಲ್ಲಿ, ಅರ್ಜಿ ಸ್ವೀಕಾರವಾದ ಕೂಡಲೆ ಹದಿನೈದು ಅಂಕಿಗಳ ಜಿಎಸ್‌ಸಿ ಸಂಖ್ಯೆ ದೊರೆಯುತ್ತದೆ. ಅರ್ಜಿ ಎಲ್ಲಿದೆಯೆಂಬುದನ್ನು ಆ ಸಂಖ್ಯೆಯಿಂದ ಎಷ್ಟು ಸಲ ಬೇಕಾದರೂ ನೋಡಬಹುದು. ಗಡುವು ಮೀರಿದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ, ಐನೂರು ರೂಪಾಯಿ ಮೀರದಂತೆ, ಪರಿಹಾರಕ್ಕೆ ಅವಕಾಶವುಂಟು. ಮಾಡುವುದನ್ನೂ ನೋಡುವುದನ್ನೂ ಬೇರ್ಪಡಿಸುವ ಮರುನಿರ್ದೇಶದ ತತ್ತ್ವವೇ ಇಲ್ಲಿ ಶಾಸನದ ಉಡುಪಿನಲ್ಲಿದೆ. ಆದರೆ ಈ ಸಂಖ್ಯೆ ಹುಟ್ಟುವುದು ಸ್ವೀಕಾರವಾದ ಮೇಲೆ. ಸಲ್ಲಿಕೆ ಎರಡು ಬಾರಿ ಆದುದನ್ನು ಕಛೇರಿ ಗುರುತಿಸದೆ ಹೋದರೆ ಸಂಖ್ಯೆಯೂ ಎರಡಾಗಿ, ಒಂದು ಕೋರಿಕೆಗೆ ಎರಡು ಗಡುವುಗಳು ಓಡತೊಡಗುತ್ತವೆ. ಒಂದನ್ನು ತಿರಸ್ಕರಿಸಿದರೆ ತಿರಸ್ಕಾರವೂ ದಾಖಲೆಗೆ ಸೇರುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಸ್ವೀಕೃತಿಯ ಪುಟಕ್ಕೆ ಮರುನಿರ್ದೇಶ ಮಾಡುವಾಗ ಅರ್ಜಿಯ ಸಂಖ್ಯೆಯನ್ನು ವಿಳಾಸದಲ್ಲಿಯೇ ಬರೆಯುವುದು ವಾಡಿಕೆ. ನೋಡುವವನು ಯಾರೆಂದು ಸರ್ವರು ವಿಚಾರಿಸದಿದ್ದರೆ, ಒಂದು ಅಂಕಿಯನ್ನು ತಿದ್ದಿದವನು ನೆರೆಯವನ ಅರ್ಜಿಯನ್ನು ಓದಬಲ್ಲನು.

ಹಣದ ವ್ಯವಹಾರ ನಡೆಸುವ ಸಂಸ್ಥೆಗಳು ಈಗ ಅನುಸರಿಸುವ ಕ್ರಮದಲ್ಲಿ ಸಂಖ್ಯೆಯನ್ನು ಕೊಡುವವನೇ ಬದಲಾಗಿದ್ದಾನೆ. ಆವಕ ವಹಿಯಲ್ಲಿ ಅದನ್ನು ಕೊಡುತ್ತಿದ್ದುದು ಕಛೇರಿ, ಅದೂ ಕಾಗದ ಬಂದ ಮೇಲೆ. ಟೋಕನ್ ಪದ್ಧತಿಯಲ್ಲಿ ಕೊಡುವುದು ಸರ್ವರು, ಖಾಲಿ ಫಾರಂ ಜೊತೆಯಲ್ಲಿ. ಹೊಸ ಕ್ರಮದಲ್ಲಿ ಕೋರಿಕೆಯನ್ನು ಕಳುಹಿಸುವ ಪ್ರೋಗ್ರಾಮೇ ಸಂಖ್ಯೆಯೊಂದನ್ನು ಸೃಷ್ಟಿಸಿ ಲಗತ್ತಿಸುತ್ತದೆ, ಉತ್ತರ ಬಾರದಿದ್ದರೆ ಅದೇ ಸಂಖ್ಯೆಯೊಡನೆ ಮತ್ತೆ ಕಳುಹಿಸುತ್ತದೆ. ಸರ್ವರು ಆ ಸಂಖ್ಯೆಯನ್ನು ಹಿಂದೆ ಕಂಡಿದ್ದರೆ ಕಾರ್ಯವನ್ನು ಪುನಃ ನಡೆಸದೆ ಹಿಂದಿನ ಉತ್ತರವನ್ನೇ ಕೊಡುತ್ತದೆ. ಇದನ್ನು ಎಚ್‌ಟಿಟಿಪಿಯ ಶಿರೋಲೇಖವಾಗಿ ಕ್ರಮಬದ್ಧಗೊಳಿಸುವ ಕರಡು, ೩೦೩ನ್ನು ರೂಪಿಸಿದ ಐಇಟಿಎಫ್ ಮಂಡಲಿಯ ಮುಂದೆಯೇ ಬಂದಿದೆ. ಕರಡು ಬರುವುದಕ್ಕೆ ಮೊದಲೇ ಸಂಸ್ಥೆಗಳು ಈ ರೂಢಿಯನ್ನು ಹಿಡಿದಿದ್ದವು. ೩೦೨ರ ವಿಷಯದಲ್ಲಿ ನಡೆದ ಕ್ರಮವೂ ಇದೇ.